ಹೆಸರಿಗೆ ಜರಡಿ

ಜನನ ಮರಣ ನೋಂದಣಿ ಕಚೇರಿಯ ಒಂದನೇ ಕಿಟಕಿಯಲ್ಲಿ ಮೂವತ್ತಮೂರು ವರ್ಷ ಕೂತ ಗುಮಾಸ್ತರಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಸಂಬಳದ ಪಟ್ಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವರು ಜರಡಿ ಸಾರ್. ಹುಟ್ಟಿದ ಮಕ್ಕಳ ಹೆಸರನ್ನು ದೊಡ್ಡ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಬರೆಯುವ ಮೊದಲು ಆ ಹೆಸರನ್ನು ಜರಡಿ ಹಿಡಿದು, ಅದರ ಅಕ್ಷರಗಳಲ್ಲಿ ಅಡಗಿ ಕೂತ ಚಿಕ್ಕಪುಟ್ಟ ಪದಗಳನ್ನು ಉದುರಿಸುವುದು ಅವರ ಚಟ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ಇವರಿಗೆ ಇದು. ಯಾರಿಗೂ ಕೇಡಿಲ್ಲದ ಚಟ ಅಂತ ಅವರು ನಂಬಿದ್ದರು. ಪಾಪ, ಐವತ್ತೊಂಬತ್ತು ವರ್ಷ ಹತ್ತು ತಿಂಗಳವರೆಗೂ ಹಾಗೆಯೇ ನಂಬಿದ್ದರು.

ಆಟ ಏನು ಅಂತ ಗೊತ್ತಿಲ್ಲದವರಿಗೆ ಅವರು ಬಾಗಿಲ ಮೇಲಿನ ಬೋರ್ಡು ತೋರಿಸುತ್ತಿದ್ದರು. ‘ಜನನ ಮರಣ ನೋಂದಣಿ ಕಚೇರಿ.’ ನೋಡುವವರಿಗೆ ಅದು ಬಣ್ಣ ಉದುರಿದ ತಗಡು. ಜರಡಿ ಸಾರ್ ಕಣ್ಣಿಗೆ ಅದೊಂದು ತುಂಬಿದ ಮನೆ. “ನೋಡಿ, ಇದರೊಳಗೆ ಜನ ಇದ್ದಾರೆ, ದನ ಇದೆ, ಮರ ಇದೆ, ಮರಿ ಇದೆ, ನರಿ ಇದೆ. ಜನಕ ಇದ್ದಾನೆ, ನರಕಾನೂ ಇದೆ. ಕದ ಇದೆ, ಕದನ ಇದೆ. ಎಷ್ಟು ಬೇಕಾದ್ರೂ ದಣಿ. ರಜೆ ಮಾತ್ರ ಹುಡುಕಿದ್ರೂ ಸಿಗಲ್ಲ, ಇಡೀ ಕಚೇರಿಲಿ ಒಂದು ‘ಜೆ’ ಇಲ್ಲ” ಎಂದು ಗಂಭೀರವಾಗಿ ಹೇಳುತ್ತಿದ್ದರು. ಆಟಕ್ಕೆ ಕಟ್ಟುನಿಟ್ಟಿನ ಕಾನೂನೂ ಇತ್ತು. ಅಕ್ಷರ ಇದ್ದ ಹಾಗೇ ತೆಗೆದುಕೊಳ್ಳಬೇಕು. ದೀರ್ಘ ಕತ್ತರಿಸುವ ಹಾಗಿಲ್ಲ, ಒತ್ತು ಕಿತ್ತು ಬಿಸಾಡುವ ಹಾಗಿಲ್ಲ, ಒಂದು ಸಲ ಇರುವ ಅಕ್ಷರವನ್ನು ಎರಡು ಸಲ ಖರ್ಚು ಮಾಡುವ ಹಾಗಿಲ್ಲ. ಸರ್ಕಾರದ ಕಾಯಿದೆಗಳನ್ನು ಕೂಡ ಅವರು ಇಷ್ಟು ನಿಷ್ಠೆಯಿಂದ ಪಾಲಿಸಿದವರಲ್ಲ.

ಕೂಸಿನ ಹೆಸರು ಬರೆಸಲು ಬಂದವರಿಗೆ ಇದು ಪುಕ್ಕಟೆ ಮೋಜು. ಅರ್ಜಿ ಒಳಗೆ ತಳ್ಳಿ, “ಜರಡಿ ಹಿಡೀರಿ ಸಾರ್” ಎಂದು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಜರಡಿ ಸಾರ್ ಕನ್ನಡಕ ಹಣೆಗೇರಿಸಿ, ಹೆಸರನ್ನು ಒಂದು ಗಳಿಗೆ ದಿಟ್ಟಿಸಿ, ಹಳೇ ಅರ್ಜಿಯ ಬೆನ್ನ ಮೇಲೆ ಸರಸರ ಗೀಚಿ ಚೀಟಿ ಹರಿದು ಕೊಡುತ್ತಿದ್ದರು. ಚೀಟಿಯಲ್ಲಿ ಒಳ್ಳೆಯ ಪದಗಳು ಮಾತ್ರ. ಕೆಟ್ಟದ್ದು ಸಿಕ್ಕರೆ ಉಗುಳಿನ ಜೊತೆ ನುಂಗುತ್ತಿದ್ದರು. ಆದರೆ ನುಂಗಿದ್ದು ಮುಖದಲ್ಲಿ ಕಾಣುತ್ತಿತ್ತು. ತುಟಿ ಒಂದು ಕಡೆಗೆ ಓಡುತ್ತಿತ್ತು, ಕಿವಿ ಕೆಂಪಗಾಗುತ್ತಿತ್ತು. ಆಗ ಅಪ್ಪ ಅಮ್ಮಂದಿರು ಬಿಡುತ್ತಾರೆಯೇ? ಗೋಗರೆದು, ಗದರಿಸಿ, ಬಾಯಿ ಬಿಡಿಸಿ, ಕೊನೆಗೆ ಅರ್ಜಿ ವಾಪಸು ತೆಗೆದುಕೊಂಡು ಬೇರೆ ಹೆಸರು ಹುಡುಕಿಕೊಂಡು ಬಂದವರೂ ಉಂಟು. ಮನೆಯಲ್ಲಿ ಅಜ್ಜಿಯರು, “ಹೆಸರು ಇಡೋದಿದ್ರೆ ಮೊದಲು ಒಂದನೇ ಕಿಟಕೀಲಿ ತೋರಿಸ್ಕೊಂಡು ಬನ್ನಿ” ಎಂದು ಹೇಳಿ ಕಳಿಸುವ ಮಟ್ಟಕ್ಕೆ ಅದು ಬಂದಿತ್ತು.

ಪಕ್ಕದ ಎರಡನೇ ಕಿಟಕಿಯಲ್ಲಿ ಮರಣದ ಗುಮಾಸ್ತರು ಕೂರುತ್ತಿದ್ದರು. ತೆಳ್ಳಗೆ, ಬೆಳ್ಳಗೆ, ಸದಾ ನೆಗಡಿ. ಇಬ್ಬರ ನಡುವೆ ಒಂದು ಮರದ ಹಲಗೆ ಅಷ್ಟೇ. ಜರಡಿ ಸಾರ್ ಒಮ್ಮೆ ಆ ಕಡೆ ಇಣುಕಿ, ಅಲ್ಲಿ ಬರೆದಿದ್ದ ಹೆಸರಿಗೆ ಕಣ್ಣು ಹಾಕಿದಾಗ ಅವರು ರಿಜಿಸ್ಟರಿನ ಮೇಲೆ ಅಂಗೈ ಇಟ್ಟು, “ನನ್ನ ಕಡೆ ಬರೋದು ಮುಗಿದ ಹೆಸರು ಸಾರ್. ಇದನ್ನ ಇಡಿಯಾಗಿ ಬಿಡಿ” ಎಂದಿದ್ದರು. ಅಂದಿನಿಂದ ಜರಡಿ ಸಾರ್ ಹಲಗೆಯ ಆಚೆಗೆ ಕಣ್ಣು ಹಾಯಿಸಿರಲಿಲ್ಲ. ಅಷ್ಟು ಮರ್ಯಾದೆ ಅವರಿಗೂ ಇತ್ತು.

ಚಟ ಅಂದಮೇಲೆ ಒಂದಲ್ಲ ಒಂದು ದಿನ ಕೈಕೊಡದೆ ಇರುತ್ತದೆಯೇ? ಒಮ್ಮೆ ಐದಕ್ಷರದ ಗಂಡುಹೆಸರು ಬಂತು. ಯಾವುದು ಅಂತ ಹೇಳುವುದು ಬೇಡ. ಆ ಮಗು ಈಗ ಮೀಸೆ ಹೊತ್ತುಕೊಂಡು ಇದೇ ಊರಲ್ಲಿ ಓಡಾಡುತ್ತಿದೆ, ಎದುರು ಸಿಕ್ಕರೆ ನಮಗೇ ಕಷ್ಟ. ಆ ಹೆಸರಿನ ಎರಡು ಅಕ್ಷರ ಸೇರಿದರೆ ‘ಕುರಿ’ ಆಗುತ್ತಿತ್ತು. ಜರಡಿ ಸಾರ್ ಕಷ್ಟಪಟ್ಟು ನುಂಗಿಕೊಂಡರು, ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದರೇನು, ಕೈ ಬಿಟ್ಟಿತು. ರಿಜಿಸ್ಟರಿನಲ್ಲಿ ಮಗುವಿನ ಹೆಸರು ಇರಬೇಕಾದ ಕಡೆ ಮುತ್ತಿನಂಥ ಅಕ್ಷರದಲ್ಲಿ ‘ಕುರಿ’ ಎಂದು ಬರೆದರು. ಕಂಪ್ಯೂಟರಿನಾಕೆ ಹಾಗೇ ಟೈಪು ಮಾಡಿದಳು, ಅಧಿಕಾರಿ ಹಾಗೇ ಸಹಿ ಹಾಕಿದರು, ಸೀಲು ಬಿತ್ತು. ಒಂಬತ್ತನೆಯ ದಿನ ಅಪ್ಪನಾದವನು ಪ್ರಮಾಣಪತ್ರ ಹಿಡಿದು ಬಂದು, ತಣ್ಣಗಿನ ದನಿಯಲ್ಲಿ, “ಸಾರ್, ಸರ್ಕಾರದ ಪ್ರಕಾರ ನಮ್ಮನೇಲಿ ಹುಟ್ಟಿರೋದು ಏನು?” ಎಂದು ಕೇಳಿದ.

ಜರಡಿ ಸಾರ್ ಮುಖದಲ್ಲಿ ರಕ್ತ ಇರಲಿಲ್ಲ. ಕೆಂಪು ಇಂಕಿನ ಪೆನ್ನು ತೆಗೆದು, ‘ಮೇಲ್ಕಂಡ ಕುರಿಯನ್ನು ರದ್ದುಪಡಿಸಿ ಮಗುವಿನ ಹೆಸರನ್ನು ಸೇರಿಸಲಾಗಿದೆ’ ಎಂದು ಅಂಚಿನಲ್ಲಿ ಬರೆದು ಸಹಿ ಹಾಕಿದರು. ಅಧಿಕಾರಿ ಒಳಗೆ ಕರೆದು ಅರ್ಧ ಗಂಟೆ ಬೈದರು. ಬೈದು ಮುಗಿಸಿ, ಬಾಗಿಲು ಹಾಕಿಕೊಂಡು, ತಮ್ಮ ಹೆಸರಿನಲ್ಲಿ ಏನೇನಿದೆ ಅಂತ ಕೇಳಿದರು. ಕಚೇರಿಯವರು ಒಂದು ತಿಂಗಳು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಈ ಕಥೆಯನ್ನು ಜರಡಿ ಸಾರ್ ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು, ಹೇಳುವಾಗ ಮಗಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದುದನ್ನು ಮಾತ್ರ ಗಮನಿಸಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಅವಳ ಹೆಸರು ನಾಲ್ಕಕ್ಷರದ್ದು, ಹೆಂಡತಿ ಆರಿಸಿದ ಚಂದದ ಹೆಸರು. ಜರಡಿ ಸಾರ್ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವಳು ಹುಟ್ಟಿದ್ದು, ಅವರೇ ಕೈಯಾರೆ ರಿಜಿಸ್ಟರಿನಲ್ಲಿ ಬರೆದದ್ದು. ಅವಳಿಗೆ ಮೂರು ವರ್ಷವಾದಾಗ ಅವರ ಚಟಕ್ಕೂ ಪ್ರಾಯ ಬಂದಿತ್ತು. ಒಂದು ಭಾನುವಾರ ಮಗು ಯಾವುದಕ್ಕೋ ಹಟ ಹಿಡಿದು ಅಳುತ್ತಿತ್ತು. ಸುಮ್ಮನಾಗಿಸಲು ಅವಳ ಹೆಸರನ್ನು ಬಾಯಲ್ಲೇ ತಿರುಗಿಸುತ್ತಿದ್ದ ಅಪ್ಪನಿಗೆ ಥಟ್ಟನೆ ಎರಡಕ್ಷರ ಕೂಡಿಬಂತು. ‘ನಲ್ಲಿ.’ ನೀರು ಬರುವ ನಲ್ಲಿ. ಕಣ್ಣ ಮುಂದೆ ಮಗುವಿನ ಕೆನ್ನೆಯ ಮೇಲೆ ಧಾರಾಕಾರ. ಇಷ್ಟು ಸರಿಯಾಗಿ ಕೂತ ಪದ ಅವರಿಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಗುವೂ ಅಳು ನಿಲ್ಲಿಸಿ, ಯಾಕೆ ಅಂತ ತಿಳಿಯದೆ ನಕ್ಕಿತು.

ಅಂದಿನಿಂದ ಅವಳು ನಲ್ಲಿ. ಮನೆಯಲ್ಲಿ ನಲ್ಲಿ, ಬೀದಿಯಲ್ಲಿ ನಲ್ಲಿ. ಶಾಲೆಗೆ ಬುತ್ತಿ ಕೊಡಲು ಹೋದ ಅಪ್ಪ ಕಿಟಕಿಯಿಂದ ಕೂಗಿದ ಮೇಲೆ ಶಾಲೆಯಲ್ಲೂ ನಲ್ಲಿ. ಹುಡುಗರು ಅವಳ ಕಿವಿಯ ಹತ್ತಿರ ಕೈ ತಂದು ಟ್ಯಾಪು ತಿರುಗಿಸಿದ ಹಾಗೆ ಮಾಡಿ ಓಡಿಹೋಗುತ್ತಿದ್ದರು. ಅವಳು ಒಂಬತ್ತನೆಯ ವಯಸ್ಸಿಗೆ ಅಳುವುದನ್ನು ಬಿಟ್ಟುಬಿಟ್ಟಳು. ಮೆಟ್ಟಿಲಿಂದ ಬಿದ್ದು ಕೈ ಮುರಿದಾಗಲೂ ಒಂದು ಹನಿ ಬರಲಿಲ್ಲ. “ನಮ್ಮ ನಲ್ಲಿ ಗಟ್ಟಿಗಿತ್ತಿ ಕಣ್ರೀ” ಎಂದು ಜರಡಿ ಸಾರ್ ಹೆಮ್ಮೆಪಟ್ಟರು. ಮದುವೆಯ ಕಾಗದ ಅಚ್ಚು ಹಾಕಿಸುವಾಗ, ಬರೀ ಹೆಸರು ಹಾಕಿದರೆ ಯಾರ ಮದುವೆ ಅಂತ ನೆಂಟರಿಗೆ ತಿಳಿಯುವುದಿಲ್ಲವೆಂದು ಕಂಸದಲ್ಲಿ ‘ನಲ್ಲಿ’ ಸೇರಿಸಿದರು. ಗಂಡಿನ ಕಡೆಯವರು ಅದನ್ನು ಮನೆತನದ ಹೆಸರು ಅಂದುಕೊಂಡರು.

ಮದುವೆಗೂ ಮುಂಚೆಯೇ, ಓದಿ, ತರಬೇತಿ ಮುಗಿಸಿ, ಮಗಳು ಊರಿನ ಬಸ್ಸು ಓಡಿಸುವ ಕೆಲಸ ಹಿಡಿದಳು. ಖಾಕಿ ಅಂಗಿಯ ಎದೆಯ ಮೇಲೆ ಹಿತ್ತಾಳೆ ಪಟ್ಟಿ, ಅದರಲ್ಲಿ ನಾಲ್ಕೂ ಅಕ್ಷರದ ಪೂರ್ತಿ ಹೆಸರು. ಬೆಳಿಗ್ಗೆ ಎದ್ದು ಅದನ್ನು ತಿಕ್ಕಿ ಹೊಳೆಯಿಸಿಕೊಂಡು ಹೋಗುತ್ತಿದ್ದಳು. ಮೂರನೆಯ ದಿನ ಅವಳು ಊಟದ ಡಬ್ಬಿ ಮರೆತು ಹೋದಳು. ಅಪ್ಪ ಅಕ್ಕರೆಯಿಂದ ಡಿಪೋವರೆಗೂ ನಡೆದು, ನಲವತ್ತು ಬಸ್ಸುಗಳ ನಡುವೆ ನಿಂತು, “ಲೇ ನಲ್ಲೀ” ಎಂದು ಗಂಟಲೆತ್ತಿ ಕೂಗಿದರು. ಮರುದಿನ ಬೆಳಿಗ್ಗೆ ಅವಳು ಡಿಪೋದೊಳಗೆ ಕಾಲಿಟ್ಟಾಗ ಮೆಕಾನಿಕ್ಕೊಬ್ಬ ಸ್ಪ್ಯಾನರು ಹಿಡಿದು ಗಾಳಿಯಲ್ಲಿ ಟ್ಯಾಪು ತಿರುಗಿಸಿದ. ಇದು ಜರಡಿ ಸಾರ್‌ಗೆ ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ.

ಇಂಥ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಜರಡಿ ಸಾರ್ ನಿವೃತ್ತಿಗೆ ಆಗ ಸರಿಯಾಗಿ ಎರಡು ತಿಂಗಳು. ಮೊಮ್ಮಗಳ ಹೆಸರನ್ನು ತಾವೇ, ತಮ್ಮ ಕಿಟಕಿಯಲ್ಲೇ, ತಮ್ಮ ಕೈಯಿಂದಲೇ ಬರೆದು ಪೆನ್ನು ಮುಚ್ಚಬೇಕು ಅನ್ನುವುದೊಂದೇ ಅವರ ಆಸೆ. ಮೂವತ್ತಮೂರು ವರ್ಷ ಊರವರ ಮಕ್ಕಳನ್ನೆಲ್ಲ ಬರೆದ ಮೇಲೆ ಇಷ್ಟು ಕೇಳುವುದು ಹೆಚ್ಚೇನಲ್ಲ. ಆಸ್ಪತ್ರೆಗೆ ಹೋದಾಗ ಅವರ ಜೇಬಿನಲ್ಲಿ ನಲವತ್ತು ಹೆಸರಿನ ಪಟ್ಟಿ ಇತ್ತು. ಒಂದೊಂದರ ಮುಂದೆಯೂ ಜರಡಿ ಹಿಡಿದ ಪದಗಳು, ಒಳ್ಳೆಯವಕ್ಕೆ ಗುರುತು, ಕೆಟ್ಟವಕ್ಕೆ ಅಡ್ಡಗೆರೆ.

“ಇದು ನೋಡು, ಒಂದೇ ಹೆಸರಲ್ಲಿ ಹದಿನೇಳು ಪದ. ಒಂದೂ ಕೆಟ್ಟದ್ದಿಲ್ಲ” ಎಂದು ಅವರು ಮಂಚದ ಅಂಚಿನಲ್ಲಿ ಕೂತರು.

ಮಗಳು ಪಟ್ಟಿಯನ್ನು ನಾಲ್ಕಾಗಿ ಮಡಿಸಿ ನೀರಿನ ಜಗ್ಗಿನ ಕೆಳಗಿಟ್ಟಳು. “ಅಪ್ಪ, ಹೆಸರು ನಾವು ಇಡ್ತೀವಿ.”

“ಇಡಿ, ಯಾರು ಬೇಡ ಅಂದ್ರು? ಇಟ್ಟದ್ದನ್ನ ನಾನೊಂದು ಸಲ ಜರಡಿ...”

“ಅದೇ ಬೇಡ ಅಂತ ಹೇಳ್ತಿರೋದು.” ಅವಳು ದನಿ ಏರಿಸಲಿಲ್ಲ. “ನನ್ನ ಮಗಳ ಹೆಸರಿಂದ ಒಂದೇ ಒಂದು ಪದ ನಿಮ್ಮ ಬಾಯಿಂದ ಆಚೆ ಬಂತೋ, ಅವಳು ನಿಮ್ಮನೆ ಹೊಸಿಲು ತುಳಿಯಲ್ಲ. ನಾನೂ ಅಷ್ಟೆ. ಊರಿನ ಆಚೆ ತುದೀಲಿ ಇನ್ನೊಂದು ಕಚೇರಿ ಇದೆ, ಅಲ್ಲೇ ಬರೆಸ್ತೀನಿ.”

ಜರಡಿ ಸಾರ್ ಮೊದಲು ನಕ್ಕರು. ಹೆತ್ತ ಸುಸ್ತಿನಲ್ಲಿ ಏನೋ ಹೇಳುತ್ತಿದ್ದಾಳೆ ಅಂದುಕೊಂಡರು. “ಏನಾಯ್ತೇ ನಲ್ಲಿ ನಿಂಗೆ?” ಎಂದರು. ಮಗಳು ಅವರ ಮುಖವನ್ನೇ ನೋಡುತ್ತಾ ಇದ್ದಳು. ಆ ನೋಟಕ್ಕೆ ಅವರ ನಗು ಅರ್ಧಕ್ಕೆ ನಿಂತಿತು.

“ಯಾರದೋ ಮಗ ಕುರಿ ಆಗಿದ್ದಕ್ಕೆ ಒಂಬತ್ತು ದಿನಕ್ಕೆ ಕೆಂಪಿಂಕು ತಂದು ತಿದ್ದಿದ್ರಿ. ನಾನು ನಲ್ಲಿ ಆಗಿ ಇಪ್ಪತ್ತೊಂಬತ್ತು ವರ್ಷ ಆಯ್ತು ಅಪ್ಪ.”

“ಪ್ರೀತಿಗೆ ಕರೆದದ್ದಲ್ವೇನಮ್ಮ ಅದು?”

“ಪ್ರೀತಿ ನಿಮ್ಮದು. ಹೆಸರು ನಂದು.”

ಆಮೇಲೆ ಅವಳು ಡಿಪೋದ ಸ್ಪ್ಯಾನರಿನ ಕಥೆ ಹೇಳಿದಳು, ನಾಲ್ಕೇ ಮಾತಿನಲ್ಲಿ. ಹೇಳಿ ಮಗುವಿನ ಕಡೆ ತಿರುಗಿಕೊಂಡಳು. ಜರಡಿ ಸಾರ್ ಇಂಗು ತಿಂದ ಮಂಗನ ಮುಖ ಹೊತ್ತುಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದರು. ಕೋಪ ಬಂದಿತ್ತು. ಅದನ್ನು ಮುಚ್ಚಿಡುವುದೇಕೆ? ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದು ಲೆಕ್ಕ ಕೇಳುತ್ತಿದ್ದಾಳಲ್ಲ ಅನ್ನುವ ಕೋಪ. ಕೋಪ ಬಸ್ ನಿಲ್ದಾಣದವರೆಗೆ ಇತ್ತು. ಬಸ್ಸಿನೊಳಗೆ ಕೂತು, ಚಾಲಕನ ಎದೆಯ ಮೇಲಿನ ಹಿತ್ತಾಳೆ ಪಟ್ಟಿ ಕಂಡ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, “ಹಂಗಾದ್ರೆ ಅಭ್ಯಾಸ ಮಾಡಿ” ಎಂದರು. ಅವರು ಮೂವತ್ತೈದು ವರ್ಷ ಡೊಳ್ಳುಹೊಟ್ಟೆಯ ಮಕ್ಕಳಿಗೆ ಅಂಗಿ ಹೊಲಿದ ದರ್ಜಿ, ಬಿಗಿ ಮಾಡಬೇಕಾದ್ದನ್ನು ಬಿಗಿ ಮಾಡುವುದು ಅವರಿಗೆ ಗೊತ್ತಿತ್ತು. ಬೆಳಗಿನ ತಿಂಡಿ ಆದ ಮೇಲೆ ಅಭ್ಯಾಸ ಶುರು. ಅವರು ಔಷಧಿ ಡಬ್ಬಿಯ ಮೇಲಿನ ಹೆಸರು ಓದುವುದು, ಇವರು ಸುಮ್ಮನೆ ಕೂರುವುದು. ಪೇಪರಿನಲ್ಲಿ ಬಂದ ಹೆಸರು ಓದುವುದು, ಇವರು ಸುಮ್ಮನೆ ಕೂರುವುದು. ಜರಡಿ ಸಾರ್ ತುಟಿಗೆ ಹೊಲಿಗೆ ಹಾಕಿದ ಹಾಗೆ ಕೂತಿರುತ್ತಿದ್ದರು.

“ಎಷ್ಟು ಚೆನ್ನಾಗಿ ಸುಮ್ನಿದೀನಿ ನೋಡು” ಎಂದು ಮೂರನೆಯ ದಿನ ಹೇಳಿದರು.

“ಬಾಯಿ ಸುಮ್ನಿದೆ. ಕಾಲ್ಬೆರಳು ಎಣಿಸ್ತಿದೆ” ಎಂದರು ಹೆಂಡತಿ, ಮೇಜಿನ ಕೆಳಗೆ ಬಗ್ಗಿ ನೋಡಿ.

ರಸ್ತೆಯಲ್ಲಿ ಅಂಗಡಿಗಳ ಬೋರ್ಡು ಕಣ್ಣಿಗೆ ಬೀಳದಿರಲೆಂದು ನೆಲ ನೋಡಿಕೊಂಡು ನಡೆದರು. ಎರಡು ಸಲ ದೀಪದ ಕಂಬಕ್ಕೆ, ಒಂದು ಸಲ ಪೊಲೀಸಿನವನಿಗೆ ಡಿಕ್ಕಿ ಹೊಡೆದರು. ಪೊಲೀಸಿನವನು, “ಕಣ್ಣು ಕಾಣಲ್ವೇನ್ರೀ?” ಎಂದು ಗದರಿಸಿದಾಗ, ಅವನ ಎದೆಯ ಮೇಲಿನ ಹೆಸರು ಓದದೆ ಇರಲು ಆಕಾಶ ನೋಡುತ್ತಾ ಕ್ಷಮೆ ಕೇಳಿದರು. ಕಿಟಕಿಯಲ್ಲೂ ಜರಡಿ ಬಂದ್ ಆಯಿತು. ಜನ ಅರ್ಜಿ ಕೊಟ್ಟು ಕಾಯುತ್ತಿದ್ದರು, ಇವರು ಬರೆದು ವಾಪಸು ಕೊಡುತ್ತಿದ್ದರು. “ಸಾರ್‌ಗೆ ಹುಷಾರಿಲ್ಲ” ಎಂದು ಸುದ್ದಿ ಹಬ್ಬಿತು.

ಅಭ್ಯಾಸದ ಎರಡನೇ ವಾರ ಹೆಂಡತಿ ಔಷಧಿ ಡಬ್ಬಿ ಪಕ್ಕಕ್ಕಿಟ್ಟರು. “ಒಂದು ಮಾತು ಹೇಳ್ಲಾ? ಅವಳಿಗೆ ಬೇಕಾಗಿರೋದು ನೀವು ಬಾಯಿ ಮುಚ್ಕೊಂಡಿರೋದಲ್ಲ ರೀ.”

“ಮತ್ತೇನು ಬೇಕಂತೆ?”

“ಅದು ನಂಗೆ ತಿಳಿದಿದ್ರೆ ನಾನ್ಯಾಕೆ ಇಷ್ಟು ವರ್ಷ ಅವಳನ್ನ ನಲ್ಲಿ ಅಂತಿದ್ದೆ?” ಎಂದು ಹೇಳಿ ಅವರು ಹೊಲಿಗೆ ಯಂತ್ರದ ಕಡೆ ಎದ್ದುಹೋದರು. 

ದಿನಗಳು ಉರುಳಿದವು. ಮಗಳಿಂದ ಹೆಸರಿನ ಸುದ್ದಿ ಇಲ್ಲ. ಕೂಸನ್ನು ನೋಡಲು ಹೋದಾಗಲೆಲ್ಲ ಎಲ್ಲರೂ ಅದನ್ನು ‘ಪುಟ್ಟಿ’ ಎನ್ನುತ್ತಿದ್ದರು, ಹೆಸರನ್ನು ಅಡಗಿಸಿಟ್ಟಿದ್ದರು. ಕ್ಯಾಲೆಂಡರಿನಲ್ಲಿ ನಿವೃತ್ತಿಗೆ ಏಳು ದಿನ ಉಳಿಯಿತು, ಆರು ಉಳಿಯಿತು. ಬೆಳಿಗ್ಗೆ ಕಿಟಕಿ ತೆರೆಯುವಾಗ ಜರಡಿ ಸಾರ್ ಕಣ್ಣು ಮೊದಲು ಸಾಲನ್ನು ಹುಡುಕುತ್ತಿತ್ತು. ಆಚೆ ತುದಿಯ ಕಚೇರಿಗೆ ಹೋಗಿಬಿಟ್ಟಳೋ ಏನೋ ಅನ್ನುವ ದಿಗಿಲು. ಫೋನು ಮಾಡಿ ಕೇಳಿಬಿಡೋಣವೆಂದರೆ, ಏನೆಂದು ಕರೆದು ಮಾತು ಶುರು ಮಾಡುವುದು? ಫೋನು ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟರು.

ಮರಣದ ಗುಮಾಸ್ತರಿಗೆ ಅವರ ಸಂಕಟ ಹಲಗೆಯ ಆಚೆಯಿಂದಲೇ ಗೊತ್ತಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬಿ ಹಿಡಿದು ಬಂದು ಕೂತರು.

“ನಿಮ್ಮ ಮಗಳು ಬಂದಾಗ ನೀವು ಊಟಕ್ಕೆ ಹೋಗಿದ್ರೆ ನಾನೇ ಕೂರಿಸ್ತೀನಿ. ಅವರ ಹೆಸರೇನು ಸಾರ್?”

“ನಲ್ಲಿ” ಎಂದರು ಜರಡಿ ಸಾರ್, ತುತ್ತು ಬಾಯಲ್ಲಿಟ್ಟುಕೊಂಡು.

ಮರಣದ ಗುಮಾಸ್ತರು ಮೂಗೊರೆಸಿಕೊಂಡರು. “ಅದು ಗೊತ್ತು. ಹೆಸರು ಕೇಳಿದ್ದು.”

ಜರಡಿ ಸಾರ್ ಅಗಿಯುವುದನ್ನು ನಿಲ್ಲಿಸಿದರು. ಊರಿನ ಸಾವಿರಾರು ಹೆಸರುಗಳನ್ನು ಹಿಂದಿನಿಂದ, ಮುಂದಿನಿಂದ, ನಡುವಿನಿಂದ ಬಲ್ಲ ಮನುಷ್ಯ. ಸ್ವಂತ ಮಗಳ ಹೆಸರು ನಾಲಿಗೆಗೆ ಬರಲು ಅಷ್ಟು ಹೊತ್ತು ಬೇಕಾಯಿತು. ಮರೆತಿರಲಿಲ್ಲ, ಅಷ್ಟು ಕೆಟ್ಟವರೇನಲ್ಲ. ಆದರೆ ಬಳಸದೆ ಬಿಟ್ಟ ಕೋಣೆಯ ಬಾಗಿಲ ಹಾಗೆ ಅದು ತಳ್ಳಿದರೂ ತೆರೆಯಲೊಲ್ಲದು. ಕೊನೆಗೆ ಹೇಳಿದರು. ಹೇಳಿದ್ದು ಅವರ ಕಿವಿಗೇ ಬೇರೆ ಯಾರದೋ ಮಗಳ ಹೆಸರಿನಂತೆ ಕೇಳಿತು. ಅವತ್ತು ಅವರು ಊಟ ಮುಗಿಸಲಿಲ್ಲ.

ನಾಲ್ಕು ದಿನ ಉಳಿದಾಗ, ಗುರುವಾರ, ಹನ್ನೊಂದು ಗಂಟೆಗೆ ಅವಳು ಬಂದಳು. ಖಾಕಿ ಇರಲಿಲ್ಲ, ರಜೆ ಇನ್ನೂ ಮುಗಿದಿರಲಿಲ್ಲ. ಹೆಗಲ ಮೇಲೆ ಕೂಸು ಮಲಗಿತ್ತು. ಒಳಗೆ ಕರೆದು ಕುರ್ಚಿ ಕೊಡಲು ಮರಣದ ಗುಮಾಸ್ತರು ಎದ್ದರು. ಅವಳು ಬೇಡವೆಂದು ಕೈಯಾಡಿಸಿ ಎಲ್ಲರಂತೆ ಸಾಲಿನಲ್ಲಿ ನಿಂತಳು. ಅವಳ ಮುಂದೆ ಐದು ಜನ. ಜರಡಿ ಸಾರ್ ಆ ಐದು ಜನರ ಅರ್ಜಿಗಳನ್ನು ಹೇಗೆ ಬರೆದರೋ, ಅವರಿಗೇ ತಿಳಿಯದು. ಕುರಿ, ಕೋಳಿ ಏನೂ ನುಸುಳಲಿಲ್ಲ ಅನ್ನುವುದು ಆ ಮಕ್ಕಳ ಪುಣ್ಯ.

ಅವಳ ಸರದಿ ಬಂತು. ಅರ್ಜಿ ಕಿಟಕಿಯ ಕೆಳಗಿನಿಂದ ಒಳಗೆ ಬಂತು. ಸಾಲಿನಲ್ಲಿದ್ದ ಹಳೇ ಪರಿಚಯದ ಹೆಂಗಸೊಬ್ಬರು, “ಸ್ವಂತ ಮೊಮ್ಮಗಳದ್ದು, ಇವತ್ತಾದ್ರೂ ಜರಡಿ ಹಿಡೀರಿ ಸಾರ್” ಎಂದರು. ನಾಲ್ಕಾರು ಜನ ಕಿಟಕಿಯ ಹತ್ತಿರ ಸರಿದರು. ಕಂಪ್ಯೂಟರಿನಾಕೆ ಟೈಪು ಮಾಡುವುದನ್ನು ನಿಲ್ಲಿಸಿದಳು. ಜರಡಿ ಸಾರ್ ಎರಡೂ ಕಾಲುಗಳ ಬೆರಳುಗಳನ್ನು ಚಪ್ಪಲಿಯೊಳಗೆ ಮ‌ಡಿಚಿ ಹಿಡಿದು, ಹಲ್ಲು ಕಚ್ಚಿ, ಅರ್ಜಿಯ ಮೇಲೆ ಕಣ್ಣಿಟ್ಟರು.

ಎರಡೇ ಅಕ್ಷರ.

ಅವರು ಅದನ್ನು ನೋಡಿದರು. ಹಿಂದಿನಿಂದ ನೋಡಿದರು. ಏನೂ ಇರಲಿಲ್ಲ. ಉದುರುವುದಕ್ಕೆ ಒಂದು ಚೂರೂ ಇರಲಿಲ್ಲ. ಎರಡು ತಿಂಗಳು ತುಟಿ ಬಿಗಿದು, ಕಂಬಕ್ಕೆ ಡಿಕ್ಕಿ ಹೊಡೆದು ಮಾಡಿದ ಅಭ್ಯಾಸವೆಲ್ಲ ಬೇಕಾಗಿಯೇ ಇರಲಿಲ್ಲ.

“ತಿರುಗಿಸಿದ್ರೂ ಏನೂ ಆಗಲ್ಲ ಅಪ್ಪ, ನೋಡಿದೀನಿ” ಎಂದಳು ಮಗಳು ಮೆಲ್ಲಗೆ. “ಹೊಟ್ಟೇಲಿದ್ದಾಗ, ಬಸ್ಸು ಸಿಗ್ನಲ್ಲಲ್ಲಿ ನಿಂತಾಗೆಲ್ಲ ಇದೇ ಕೆಲಸ. ಮುನ್ನೂರು ಹೆಸರು ಜರಡಿ ಹಿಡಿದ್ಮೇಲೆ ಇದೊಂದು ಸಿಕ್ತು.”

ಜರಡಿ ಸಾರ್‌ಗೆ ವಿಷಯ ಆಗ ತಿಳಿಯಿತು. ಹೆಸರು ಚೆನ್ನಾಗಿತ್ತು. ಆದರೆ ತಾಯಿಯೊಬ್ಬಳು ಮಗುವಿಗೆ ಹೆಸರನ್ನು ಚಂದಕ್ಕೆ ಆರಿಸುತ್ತಾಳೆ, ಅರ್ಥಕ್ಕೆ ಆರಿಸುತ್ತಾಳೆ. ಇವಳು ಬೀಗ ಆರಿಸಿದ ಹಾಗೆ ಆರಿಸಿದ್ದಳು, ಕಳ್ಳ ಯಾರೆಂದು ಮೊದಲೇ ಗೊತ್ತಿದ್ದವರ ಹಾಗೆ. ಆ ಕಳ್ಳ ತಾನು. ಇನ್ನೂ ಹುಟ್ಟದ ಕೂಸನ್ನು ತನ್ನ ಕೈಯಿಂದ ಕಾಪಾಡಲು ಮಗಳು ತಿಂಗಳುಗಟ್ಟಲೆ ಸಿಗ್ನಲ್ಲಿನಲ್ಲಿ ಕೂತು ಲೆಕ್ಕ ಹಾಕಿದ್ದಾಳೆ. ಆಸ್ಪತ್ರೆಯಲ್ಲಿ ಅವಳು ಹೇಳಿದ ಮಾತಿಗಿಂತ ಈ ಎರಡಕ್ಷರ ಜೋರಾಗಿ ಬಡಿಯಿತು. ಅವರಿಗೆ ನಾಚಿಕೆಯಾಯಿತು, ಹೊರಗೆ ನಿಂತ ಜನರ ಮುಂದೆ ಅಲ್ಲ, ಹೆಗಲ ಮೇಲೆ ಮಲಗಿದ್ದ ಆ ಎರಡು ತಿಂಗಳ ಕೂಸಿನ ಮುಂದೆ.

“ಏನು ಸಿಕ್ತು ಸಾರ್?” ಎಂದರು ಸಾಲಿನ ಹೆಂಗಸು.

“ಜರಡಿ ಹರಿದುಹೋಯ್ತಮ್ಮ” ಎಂದರು ಅವರು. ಜನ ನಕ್ಕರು. ಮಗಳು ನಗಲಿಲ್ಲ.

ಅವರು ರಿಜಿಸ್ಟರು ಎಳೆದುಕೊಂಡು ಬರೆಯತೊಡಗಿದರು. ಆಸ್ಪತ್ರೆಯಿಂದ ಬರುವುದು ತಾರೀಖು, ತೂಕ, ಗಂಡೋ ಹೆಣ್ಣೋ ಅಷ್ಟೇ, ಉಳಿದದ್ದನ್ನೆಲ್ಲ ಇಲ್ಲಿ ತುಂಬಬೇಕು. ಮಗುವಿನ ಹೆಸರು ಬರೆದರು. ತಂದೆಯ ಹೆಸರು ಬರೆದರು. ತಾಯಿಯ ಹೆಸರು ಅನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು. ಈ ಹೆಸರನ್ನು ಇದೇ ಮೇಜಿನ ಮೇಲೆ, ಇದೇ ಕೈ, ಮೂವತ್ತೆರಡು ವರ್ಷದ ಹಿಂದೆ ಒಮ್ಮೆ ಬರೆದಿತ್ತು. ಆಗ ಅದರೊಳಗೆ ಏನಿದೆ ಅಂತ ಅವರು ಹುಡುಕಿರಲಿಲ್ಲ. ಹೊಸ ಅಪ್ಪ, ಹೊಸ ನೌಕರಿ. ಎಷ್ಟು ಚಂದದ ಹೆಸರು ಅಂತ ಮಾತ್ರ ಅನ್ನಿಸಿತ್ತು.

ಅವರು ಮೊದಲಕ್ಷರ ಬರೆದರು. ಎರಡನೆಯದು, ಮೂರನೆಯದು ಬರೆದರು. ನಾಲ್ಕನೆಯ ಅಕ್ಷರದ ಒತ್ತನ್ನು ನಿಧಾನವಾಗಿ ಸುತ್ತಿ ಮುಗಿಸಿ ಪೆನ್ನೆತ್ತಿದರು. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಬಿಡಿಸಬೇಕು ಅನ್ನಿಸಲಿಲ್ಲ. ಬಿಡಿಸಲು ಯಾರಾದರೂ ಬಂದಿದ್ದರೆ ಕೈಗೆ ಹೊಡೆಯುತ್ತಿದ್ದರೇನೋ.

ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಸರಿಯಿದೆ ಎನ್ನಿಸಿಕೊಂಡು, ಸಹಿ ಹಾಕಿಸಿಕೊಳ್ಳುವುದು ಕಿಟಕಿಯ ಕ್ರಮ. ಜರಡಿ ಸಾರ್ ಎದ್ದು ನಿಂತರು. ಎದ್ದು ನಿಂತು ಓದುವ ಕ್ರಮ ಮಾತ್ರ ಇರಲಿಲ್ಲ. ಮಗುವಿನ ಹೆಸರು ಓದಿದರು. ತಂದೆಯ ಹೆಸರು ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಡಿಪೋದಲ್ಲಿ ಅಂದು ಕೂಗಿದಷ್ಟೇ ದೊಡ್ಡ ದನಿಯಲ್ಲಿ, ಸಾಲಿನ ತುದಿಯವರಿಗೂ ಕೇಳುವ ಹಾಗೆ, “ತಾಯಿಯ ಹೆಸರು” ಎಂದು ಹೇಳಿ, ಮಗಳ ಹೆಸರನ್ನು ಪೂರ್ತಿಯಾಗಿ ಓದಿದರು. ನಾಲ್ಕಕ್ಷರ, ಒಂದೂ ಬಿಡದೆ. ಸಾಲಿನಲ್ಲಿದ್ದವರಿಗೆ ಇದರಲ್ಲೇನು ವಿಶೇಷ ಅಂತ ತಿಳಿಯಲಿಲ್ಲ. ಹಲಗೆಯ ಆಚೆ ಮರಣದ ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದ್ದರು.

“ಸರಿಯಿದೆಯಾ?” ಎಂದು ಕೇಳಿ ಜರಡಿ ಸಾರ್ ಪೆನ್ನನ್ನು ಕಿಟಕಿಯಿಂದ ಆಚೆ ಚಾಚಿದರು. 

ಮಗಳು ಪೆನ್ನು ತೆಗೆದುಕೊಳ್ಳಲಿಲ್ಲ. ಕೂಸನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಕಿಟಕಿಯ ಸರಳಿಗೆ ಹಣೆ ತಾಗುವಷ್ಟು ಹತ್ತಿರ ಬಂದಳು.

“ಕೊನೇದು ಸರಿಯಾಗಿ ಕೇಳಿಸಲಿಲ್ಲ ಅಪ್ಪ” ಎಂದಳು. “ಇನ್ನೊಂದ್ಸಲ ಓದಿ.”